ಹುಳಿಯ ನೆನಪು, ಉಪ್ಪಿನ ಮರೆವು

ಅಳಸಿಂಗಾಚಾರ್ಯರು ಮೆದುಳು ಸಂಶೋಧನಾ ಕೇಂದ್ರದ ಮೆಟ್ಟಿಲು ಹತ್ತಿದ್ದು ಹುಣಸೆಹಣ್ಣಿನ ಮೇಲೆ ದೂರು ಹೇಳುವುದಕ್ಕೆ. ಮೈಸೂರಿನ ಹಳೆಯ ಅಗ್ರಹಾರವೊಂದರ ವೆಂಕಟರಮಣನ ಗುಡಿಯಲ್ಲಿ ಮೂವತ್ತೆಂಟು ವರ್ಷದಿಂದ ನೈವೇದ್ಯದ ಅಡುಗೆ ಅವರದೇ. ಅವರ ಪುಳಿಯೋಗರೆಯ ದೆಸೆಯಿಂದಲೇ ದೇವರಲ್ಲಿ ಭಕ್ತಿ ಹುಟ್ಟಿಸಿಕೊಂಡವರು ಆ ಬೀದಿಯಲ್ಲಿ ಬೇಕಾದಷ್ಟಿದ್ದರು. ಅಂಥ ಆಚಾರ್ಯರಿಗೆ ಒಂದೂವರೆ ವರ್ಷದಿಂದ ಹುಣಸೆಹುಳಿ ಕುದಿಯುವ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. ವೆಂಕಟರಮಣ ಬರೀ ಪೊಂಗಲು, ಮೊಸರನ್ನದಲ್ಲಿ ಕಾಲ ಹಾಕುತ್ತಿದ್ದ.

ಆದದ್ದಿಷ್ಟು. ಒಂದು ಶ್ರಾವಣ ಶನಿವಾರ ದೊಡ್ಡ ಕೊಪ್ಪರಿಗೆಯಲ್ಲಿ ಗೊಜ್ಜು ಕಾಯಿಸುತ್ತ ನಿಂತಿದ್ದಾಗಲೇ ಅವರಿಗೆ ವಾಂತಿಭೇದಿ ಶುರುವಾಯಿತು. ಮೂರು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು. ಕಾಯಿಲೆ ತಂದದ್ದು ಎಲ್ಲಿಯೋ ಕುಡಿದ ನೀರು. ಆದರೆ ಮೆದುಳು ಆ ಹೊತ್ತಿಗೆ ಮೂಗಿನ ಮುಂದಿದ್ದ ಹುಣಸೆಯನ್ನೇ ಅಪರಾಧಿಯೆಂದು ಹಿಡಿದುಹಾಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಷಾಯ, ಗುಳಿಗೆ, ಹರಕೆ, ಯಾವುದಕ್ಕೂ ಆ ನೆನಪು ಜಗ್ಗಲಿಲ್ಲ.

ಇದನ್ನು ಕೇಳಿದ ಡಾಕ್ಟರ್ ವಾರಿಜಾಳಿಗೆ, ಸುಳ್ಳೇಕೆ ಹೇಳಬೇಕು, ಅಯ್ಯೋ ಪಾಪ ಅನ್ನಿಸುವುದಕ್ಕೆ ಮೊದಲು ಆಹಾ ಅನ್ನಿಸಿತು. ಅವಳು ಕೇಂದ್ರದ ನೆನಪಿನ ವಿಭಾಗದ ಮುಖ್ಯಸ್ಥೆ. ಹನ್ನೊಂದು ವರ್ಷದಿಂದ ಅವಳ ತಲೆ ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ. ಮೆದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಗಕ್ಕೆ ನರಸಂಧಿ ಎನ್ನುತ್ತಾರೆ. ನಾವು ಏನನ್ನಾದರೂ ಕಲಿತಾಗ ಅಂಥ ಕೆಲವು ಸಂಧಿಗಳು ಬಲವಾಗುತ್ತವೆ. ಸುದ್ದಿ ಹಿಡಿಯುವ ಅಣುಗಳು ಅಲ್ಲಿ ಹೆಚ್ಚಾಗಿ ಬಂದು ಕೂರುತ್ತವೆ, ಅವು ಕದಲದಂತೆ ಒಂದು ಪ್ರೋಟೀನು ಕಾವಲಿರುತ್ತದೆ. ಸರಿ. ಆದರೆ ಆ ಕಾವಲಿನ ಪ್ರೋಟೀನಿನ ಆಯಸ್ಸೇ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಕಾಯುವುದೇ ಸತ್ತುಹೋದ ಮೇಲೆ ಐವತ್ತು ವರ್ಷದ ನೆನಪು ಉಳಿಯುವುದು ಹೇಗೆ?

ಅವಳ ಅತ್ತೆ ಚೆನ್ನಾಜಮ್ಮ ಒಂದು ಸಂಜೆ ಹಾಲಿಗೆ ಹೆಪ್ಪು ಹಾಕುತ್ತ, ದಿನಾ ಹೋಗಿ ಇಲಿಗಳ ತಲೆ ನೋಡಿಕೊಂಡು ಬರುತ್ತೀಯಲ್ಲ, ಅದರೊಳಗೆ ಅಂಥಾದ್ದು ಏನಿದೆಯವ್ವ ಎಂದು ಕೇಳಿದ್ದರು. ವಾರಿಜ ಉತ್ತರ ಹೇಳುವ ಬದಲು, ಈ ಮೊಸರು ಎಷ್ಟು ದಿನದ್ದು ಅತ್ತೆ ಎಂದಳು. ನಿನ್ನೆಯದು. ಅದಕ್ಕೆ ಹಾಕಿದ ಹೆಪ್ಪು? ಮೊನ್ನೆಯದು. ಅದಕ್ಕೆ?

“ಹಂಗೆ ನೋಡ್ತಾ ಹೋದ್ರೆ ನಾನು ಈ ಮನೆಗೆ ಬಂದಾಗ ನಮ್ಮತ್ತೆ ಕೊಟ್ಟ ಮೊಸರೇ ಇದು ಕಣವ್ವ,” ಎಂದರು ಚೆನ್ನಾಜಮ್ಮ.

ನೆನಪೂ ಅಷ್ಟೇ ಎಂದಳು ವಾರಿಜ. ಹಳೆಯ ಪ್ರೋಟೀನು ಸಾಯುವುದಕ್ಕೆ ಮುಂಚೆ ಹೊಸದನ್ನು ತನ್ನ ಜಾಗದಲ್ಲಿ ಕೂರಿಸಿ ಹೋಗುತ್ತದೆ. ಹೊಸದು ದಾರಿ ತಪ್ಪಿ ಬೇರೆ ಸಂಧಿಗೆ ಹೋಗದಂತೆ ಅದನ್ನು ಅಲ್ಲಿಯೇ ಕಟ್ಟಿಹಾಕುವ ಇನ್ನೊಂದು ಜೊತೆಗಾರ ಪ್ರೋಟೀನು ಇದೆ. ಅಣುಗಳು ಬದಲಾಗುತ್ತಲೇ ಇರುತ್ತವೆ, ನೆನಪು ಮಾತ್ರ ಅದೇ ಇರುತ್ತದೆ. ಮುದುಕಿ ತಟ್ಟನೆ ಕೇಳಿದರು: “ಹಂಗಾದ್ರೆ ಒಂದಿನ ಹೆಪ್ಪು ಹಾಕೋದು ಮರೆತ್ರೆ?”

ವಾರಿಜ ನಕ್ಕುಬಿಟ್ಟಳು. ಅವಳು ಹನ್ನೊಂದು ವರ್ಷ ಕೂತು ಮಾಡಿದ ಔಷಧಿ ಅದೇ ಆಗಿತ್ತು. ಪ್ರಯೋಗಾಲಯದವರು ಅದಕ್ಕೆ ಇಟ್ಟ ಹೆಸರು ಕತ್ತರಿ. ಕಾವಲಿನ ಪ್ರೋಟೀನನ್ನೂ ಅದರ ಜೊತೆಗಾರನನ್ನೂ ಅದು ಬೇರೆ ಮಾಡುತ್ತದೆ, ಹೊಸದಕ್ಕೆ ಕೂರಲು ಜಾಗ ಸಿಗುವುದಿಲ್ಲ, ಸಂಧಿ ಮೊದಲಿನ ಹಾಗೆ ದುರ್ಬಲವಾಗುತ್ತದೆ. ಹಾಗೆಂದು ಸಿಕ್ಕಿದ್ದನ್ನೆಲ್ಲ ಕತ್ತರಿಸಿದರೆ ಮನುಷ್ಯ ತನ್ನ ಹೆಸರನ್ನೇ ಮರೆತಾನು. ಅದಕ್ಕೊಂದು ಉಪಾಯವಿತ್ತು. ಯಾವುದೇ ನೆನಪು ಬಂದ ಕ್ಷಣದಿಂದ ಅದರ ಸಂಧಿಗಳು ಸುಮಾರು ನಲವತ್ತು ನಿಮಿಷ ಸಡಿಲವಾಗಿರುತ್ತವೆ. ಕತ್ತರಿ ಕೆಲಸ ಮಾಡುವುದು ಸಡಿಲವಾದ ಸಂಧಿಗಳಲ್ಲಿ ಮಾತ್ರ. ಆದ್ದರಿಂದ ಅಳಿಸಬೇಕಾದ ನೆನಪೊಂದನ್ನೇ ಎಬ್ಬಿಸಬೇಕು, ಪಕ್ಕದ್ದನ್ನು ಎಬ್ಬಿಸಕೂಡದು. ಇಲಿಗಳಲ್ಲಿ ಅದು ಗೆದ್ದಿತ್ತು. ಮನುಷ್ಯರಲ್ಲಿ ಆರು ಜನಕ್ಕೆ ಕೊಟ್ಟಾಗಿತ್ತು, ಆರೂ ಜನ ಚೆನ್ನಾಗಿದ್ದರು. ಆಚಾರ್ಯರು ಏಳನೆಯವರು.

ಧನುರ್ಮಾಸ ಶುರುವಾದ ವಾರದಲ್ಲೇ ಅವರನ್ನು ಕೂರಿಸಿದರು. ತಲೆಗೆ ಮೆದುಳಿನ ಚಟುವಟಿಕೆ ತೋರಿಸುವ ಟೋಪಿ. ಎದುರಿಗೆ ಸಣ್ಣ ಒಲೆಯ ಮೇಲೆ ಕೇಂದ್ರದ ಕ್ಯಾಂಟೀನಿನಿಂದ ತರಿಸಿ ಕುದಿಸುತ್ತಿದ್ದ ಹುಣಸೆ ಸಾರು. ಪರದೆಯ ಮುಂದೆ ಇಮ್ತಿಯಾಜ್, ಆ ಯಂತ್ರಗಳ ಜೊತೆ ತಲೆ ನರೆಯಿಸಿಕೊಂಡ ತಂತ್ರಜ್ಞ. ಗಾಜಿನಾಚೆ ಆಚಾರ್ಯರ ಹೆಂಡತಿ ಜಯವಲ್ಲಮ್ಮ ತುಟಿ ಬಿಗಿಹಿಡಿದು ಕೂತಿದ್ದರು. ಹಬೆ ಮೂಗಿಗೆ ತಾಕಿದ್ದೇ ತಡ, ಆಚಾರ್ಯರು ಒಮ್ಮೆ ಓಕರಿಸಿದರು. ಆಮೇಲೆ ಮುಖವನ್ನು ಎಡಕ್ಕೆ ಪೂರಾ ತಿರುಗಿಸಿ, ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ ಸುಮ್ಮನಾದರು. ಪರದೆಯ ಮೇಲೆ ಬೆಳಕು ದೊಡ್ಡದಾಗಿ ಹರಡಿತು.

“ನೋಡಿ ಮೇಡಂ, ಎಷ್ಟು ಅಸಹ್ಯ ಪಟ್ಕೋತಿದಾರೆ, ಮುಖಾನೇ ತಿರುಗಿಸ್ಕೊಂಡ್ರು,” ಎಂದ ಇಮ್ತಿಯಾಜ್.

ವಾರಿಜಾಳಿಗೂ ಹಾಗೇ ಕಂಡಿತು. ಹಳೆಯ ಆರು ಜನರಿಗಿಂತ ಈ ಬೆಳಕು ಮೂರು ಪಟ್ಟು ಅಗಲವಿದೆ ಎಂಬುದನ್ನೂ ಅವಳು ಕಂಡಳು. ರೋಗ ಹಳೆಯದು, ಬೇರು ಆಳ ಎಂದುಕೊಂಡು ಸೂಜಿ ಚುಚ್ಚಿಸಿದಳು.

ನಾಲ್ಕನೆಯ ದಿನಕ್ಕೆ ಜಯವಲ್ಲಮ್ಮ ಫೋನಿನಲ್ಲೇ ಅತ್ತುಬಿಟ್ಟರು. ಹುಣಸೆ ಕುದಿಸಿದರೂ ಆಚಾರ್ಯರಿಗೆ ಏನೂ ಆಗಲಿಲ್ಲವಂತೆ, ಪಕ್ಕದಲ್ಲೇ ನಿಂತು ಸ್ತೋತ್ರ ಹೇಳಿಕೊಂಡರಂತೆ. ಕೇಂದ್ರದಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದ್ದಾಯಿತು. ಏಳನೆಯ ದಿನ ಆಚಾರ್ಯರೇ ಬಂದು ವಾರಿಜಾಳ ಮೇಜಿನ ಮುಂದೆ ಕೂತರು. ಹದಿನೈದು ದಿನ ಉಪವಾಸ ಬಿದ್ದವರ ಮುಖ.

“ಡಾಕ್ಟ್ರಮ್ಮ, ಹುಳಿ ಸರಿಹೋಯ್ತು. ಉಪ್ಪಿನ ವಾಸನೆ ಹೊರಟೋಯ್ತು.”

ಉಪ್ಪಿಗೆ ವಾಸನೆಯೇ ಇಲ್ಲವಲ್ಲ ಆಚಾರ್ರೇ ಎಂದು ಅವಳು ನಗಲು ಹೋದಳು. ಆಚಾರ್ಯರು ನಗಲಿಲ್ಲ. ದೇವರಿಗೆ ಮಾಡಿದ ಅಡುಗೆಯನ್ನು ರುಚಿ ನೋಡಿದರೆ ಎಂಜಲಾಯಿತು. ಬಗ್ಗಿ ಮೂಸಿ ನೋಡುವ ಹಾಗೂ ಇಲ್ಲ, ಅದೂ ಮೈಲಿಗೆ. ಆದರೆ ತಾನಾಗಿ ಬರುವ ವಾಸನೆಯನ್ನು ಯಾರು ತಡೆಯುತ್ತಾರೆ? ಅದಕ್ಕೇ ಅವರ ಮನೆತನದವರು ಕೊಪ್ಪರಿಗೆಯಿಂದ ಎರಡು ಮಾರು ದೂರ ನಿಂತು, ಮುಖ ಪೂರಾ ತಿರುಗಿಸಿಕೊಂಡು, ವಾಸನೆ ತಾನೇ ಬಂದು ಹೇಳುವವರೆಗೂ ಕಾಯುತ್ತಾರೆ. ಉಪ್ಪು ಕಡಿಮೆಯಿದ್ದರೆ ಇಂಗು ಮುಂದೆ ಬರುತ್ತದೆ, ಹುಳಿ ಹಿಂದೆ ನಿಲ್ಲುತ್ತದೆ. ಉಪ್ಪು ಸರಿಯಾದ ಕ್ಷಣಕ್ಕೆ ಎಲ್ಲ ಒಟ್ಟಿಗೆ ಬರುತ್ತವೆ. ಮೂವತ್ತೆಂಟು ವರ್ಷದಲ್ಲಿ ಅವರ ಉಪ್ಪು ಒಮ್ಮೆಯೂ ತಪ್ಪಿರಲಿಲ್ಲ. ಈಗ ಕುದಿಯುವ ಕೊಪ್ಪರಿಗೆಯ ಮುಂದೆ ನಿಂತರೆ ಬರೀ ಹಬೆ. ಮೊನ್ನೆಯ ಪುಳಿಯೋಗರೆ ಬಾಯಿಗಿಡಲಾಗದಷ್ಟು ಉಪ್ಪು, ನಿನ್ನೆಯ ಪೊಂಗಲು ಸಪ್ಪೆ. ಧರ್ಮದರ್ಶಿಗಳು ಮರ್ಯಾದಸ್ಥರು, ಬೈಯಲಿಲ್ಲ. ಧನುರ್ಮಾಸ ಮುಗಿಯುವವರೆಗೆ ಸಿಹಿ ಹುಗ್ಗಿ ಮಾಡಿಕೊಂಡಿರಿ, ಸಂಕ್ರಾಂತಿಯ ಮರುದಿನ ಕನು ಹಬ್ಬಕ್ಕೆ ಸಾವಿರ ಜನ ಪುಳಿಯೋಗರೆಗೆ ಬರುತ್ತಾರೆ, ಅವತ್ತೂ ತಪ್ಪಿದರೆ ಬೇರೆಯವರನ್ನು ನೋಡುತ್ತೇನೆ ಎಂದಿದ್ದರು.

ವಾರಿಜಾಳಿಗೆ ಮೈ ಜುಮ್ಮೆಂದಿತು. ಉಪ್ಪು ಹಾಕಿದ ನೀರಿನಿಂದ ಪರಿಮಳದ ಅಣುಗಳು ಹೆಚ್ಚಾಗಿ ಹೊರಗೆ ಹಾರುತ್ತವೆ ಎಂಬುದನ್ನು ಅವಳು ಓದಿದ್ದಳು. ಈ ಮನುಷ್ಯ ಅದನ್ನು ಮೂಗಿನಿಂದ ಅಳೆಯುತ್ತಿದ್ದ. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಮುಖ ತಿರುಗಿಸಿಕೊಂಡು ಎಂದರಲ್ಲ?

ಇಮ್ತಿಯಾಜ್ ಅವತ್ತಿನ ದೃಶ್ಯವನ್ನು ಮತ್ತೆ ಹಾಕಿದ. ಓಕರಿಕೆ. ಆಮೇಲೆ ಎಡಕ್ಕೆ ತಿರುಗಿದ ಮುಖ, ಮುಚ್ಚಿದ ಕಣ್ಣು. ಅಸಹ್ಯಕ್ಕೆ ತಿರುಗಿದ ಮುಖವಲ್ಲ ಅದು, ಕೆಲಸದಲ್ಲಿ ತೊಡಗಿದ ಮುಖ. ತುಟಿ ಅಲ್ಲಾಡುತ್ತಿತ್ತು. ಧ್ವನಿ ಏರಿಸಿದಾಗ ಪಿಸುಮಾತು ಕೇಳಿಸಿತು: “ಉಪ್ಪು ಕಾಲು ಹಿಡಿ ಕಮ್ಮಿ.” ಕ್ಯಾಂಟೀನಿನ ಸಾರಿಗೆ ಉಪ್ಪು ಕಡಿಮೆಯಾಗಿತ್ತು, ಹಳೆಯ ಅಭ್ಯಾಸ ಸುಮ್ಮನಿರಲಿಲ್ಲ. ಮೂರು ಪಟ್ಟು ಅಗಲದ ಬೆಳಕಿನಲ್ಲಿ ಒಂದು ಪಾಲು ಅಸಹ್ಯ, ಉಳಿದೆರಡು ಪಾಲು ಮೂವತ್ತೆಂಟು ವರ್ಷದ ವಿದ್ಯೆ. ಎರಡೂ ಸಡಿಲವಾಗಿದ್ದಾಗಲೇ ಅವಳು ಕತ್ತರಿ ಆಡಿಸಿದ್ದಳು.

ಅವಳು ಆಚಾರ್ಯರ ಮನೆಗೇ ಹೋಗಿ, ತಪ್ಪು ನಮ್ಮದು, ನನ್ನದು ಎಂದು ನೇರವಾಗಿ ಹೇಳಿದಳು.

“ಮನೆ ಕಸ ತಗೊಂಡು ಹೋಗಿ ಅಂತ ಬಾಗಿಲು ತೆಗೆದೆ,” ಎಂದರು ಆಚಾರ್ಯರು. “ಒಡವೆ ಪೆಟ್ಟಿಗೇನೂ ಹೊತ್ಕೊಂಡು ಹೋದ್ರಲ್ಲಮ್ಮ.”

ಅದೇ ದಿನ ವಾರಿಜ ನೈತಿಕ ಸಮಿತಿಗೆ ಎಲ್ಲವನ್ನೂ ಬರೆದು ಕಳಿಸಿದಳು. ಸಮಿತಿ ಪ್ರಯೋಗವನ್ನು ನಿಲ್ಲಿಸಿತು. ಹನ್ನೊಂದು ವರ್ಷದ ಕೆಲಸ ಕಪಾಟು ಸೇರಿತು. ಊಟ ಬಿಟ್ಟು ಕೂತಿದ್ದ ಸೊಸೆಗೆ ಚೆನ್ನಾಜಮ್ಮ, ಒಡೆದ ಹಾಲಿಗೆ ಅತ್ತರೆ ಮೊಸರಾಗುತ್ತದೆಯೇ, ಆ ಮನುಷ್ಯ ಮೊದಲ ಸಲ ಅದನ್ನು ಹೇಗೆ ಕಲಿತನೋ ಕೇಳಿಕೊಂಡು ಬಾ ಎಂದರು.

ಹೌದಲ್ಲ! ರುಚಿ ನೋಡದೆ ಉಪ್ಪಿನ ವಾಸನೆ ಕಲಿಯುವುದು ಹೇಗೆ? ಮತ್ತೆ ಮನೆಗೆ ಹೋಗಿ ಕೇಳಿದಾಗ, ಅಪ್ಪ ಕಲಿಸಿದ್ದು ಎಂದರು ಆಚಾರ್ಯರು. ಬೆಳಿಗ್ಗೆ ಕೊಪ್ಪರಿಗೆಯ ವಾಸನೆ ನೆನಪಿಟ್ಟುಕೊಳ್ಳಬೇಕು, ಮಧ್ಯಾಹ್ನ ನೈವೇದ್ಯವಾದ ಮೇಲೆ ಪ್ರಸಾದ ತಿನ್ನುವಾಗ ಆ ವಾಸನೆಗೆ ಈ ರುಚಿ ಎಂದು ಹೊಂದಿಸಿಕೊಳ್ಳಬೇಕು. ದಿನಕ್ಕೆ ಒಂದೇ ಪಾಠ. ಒಂಬತ್ತು ವರ್ಷ ಹಿಡಿಯಿತು. ತೂಕ ಮಾಡಿ ಹಾಕಿದರಾಗದೇ ಎಂದು ಜೊತೆಗೆ ಹೋಗಿದ್ದ ಇಮ್ತಿಯಾಜ್ ಕೇಳಿದ್ದಕ್ಕೆ ಅವರು, ಹೊಸ ಹುಣಸೆಗೆ ಒಂದು ಉಪ್ಪು, ಹಳೆ ಹುಣಸೆಗೆ ಇನ್ನೊಂದು, ಅಕ್ಕಿ ಹಳೆಯದಾದರೆ ಮತ್ತೊಂದು, ತಕ್ಕಡಿಗೆ ಅದೆಲ್ಲ ಏನು ಗೊತ್ತು ಎಂದುಬಿಟ್ಟರು.

ಕನು ಹಬ್ಬಕ್ಕೆ ಉಳಿದಿದ್ದು ಇಪ್ಪತ್ತು ದಿನ. ವಾರಿಜಾಳ ಲೆಕ್ಕ ಸರಳವಾಗಿತ್ತು. ವಾಸನೆಗೂ ರುಚಿಗೂ ನಡುವೆ ಅರ್ಧ ದಿನದ ಅಂತರವಿದ್ದರೆ ಸಂಧಿ ನಿಧಾನವಾಗಿ ಬಲಿಯುತ್ತದೆ; ವಾಸನೆ ಬಂದ ಕೂಡಲೇ ರುಚಿ ಸಿಕ್ಕರೆ ಬೇಗ ಬಲಿಯುತ್ತದೆ. ದಿನಕ್ಕೆ ಮೂವತ್ತು ಪುಟ್ಟ ಪಾತ್ರೆ ಸಾರು ಕುದಿಸಬೇಕು, ಆಚಾರ್ಯರು ಮುಖ ತಿರುಗಿಸಿ ಹೇಳಬೇಕು, ತಕ್ಷಣ ಸೌಟಿನಿಂದ ರುಚಿ ನೋಡಬೇಕು. ಆಚಾರ್ಯರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ನೈವೇದ್ಯವಿಲ್ಲದ್ದನ್ನು, ಸೌಟಿನಿಂದ, ಈ ವಯಸ್ಸಿನಲ್ಲಿ!

ಆಗ ಜಯವಲ್ಲಮ್ಮ ಬಾಯಿ ಬಿಟ್ಟರು. “ಅದು ಅಡುಗೆ ಹೇಗಾಗುತ್ತೆ? ಔಷಧಿ. ಔಷಧಿಗೆ ಯಾರಾದ್ರೂ ನೈವೇದ್ಯ ಮಾಡ್ತಾರಾ?”

ಶಾಸ್ತ್ರದಲ್ಲಿ ಹೆಂಡತಿಯನ್ನು ಗೆಲ್ಲಲಾಗದೆ ಆಚಾರ್ಯರು ಒಪ್ಪಿದರು. ಒಳಮನೆಯ ಒಲೆ ಬೇಡವೆಂದು ಹಿತ್ತಲಲ್ಲಿ ಇಟ್ಟಿಗೆಯ ಒಲೆಗಳನ್ನು ಹೂಡಿದರು. ಪ್ರಯೋಗಾಲಯದ ಪುಟ್ಟ ತಕ್ಕಡಿಯಲ್ಲಿ ಉಪ್ಪು ತೂಗಿ ಹಾಕುವುದು ಜಯವಲ್ಲಮ್ಮನ ಕೆಲಸ. ಎಷ್ಟು ಹಾಕಿದೆನೆಂದು ಚೀಟಿ ಬರೆದು ಪಾತ್ರೆಯ ಪಕ್ಕ ಕಲ್ಲಿನಡಿ ಇಟ್ಟು, ಕುದಿ ಬರುವವರೆಗೂ ಅಲ್ಲೇ ಕಾಯುತ್ತಿದ್ದರು. ಮೊದಲ ಸಲ ಸೌಟು ಬಾಯಿಗಿಡುವ ಮುಂಚೆ ಆಚಾರ್ಯರು ಗುಡಿಯ ಕಡೆಗೆ ತಿರುಗಿ ಕೈಮುಗಿದರು. ಕಡಿಮೆ, ಸರಿ, ಹೆಚ್ಚು ಎಂಬ ಮೂರರಲ್ಲಿ ಒಂದನ್ನು ಹೇಳಬೇಕು; ಮೊದಲ ವಾರ ಅವರು ಹೇಳಿದ್ದು ಕಣ್ಣು ಮುಚ್ಚಿ ಕವಡೆ ಎಸೆದಷ್ಟೇ ಸರಿಯಾಗಿತ್ತು. ಎರಡನೆಯ ವಾರ ಹತ್ತಕ್ಕೆ ಐದು. ಹದಿನೇಳನೆಯ ದಿನ ಹತ್ತಕ್ಕೆ ಆರು. ಶಾಲೆಯ ಪರೀಕ್ಷೆಯಲ್ಲಾದರೆ ಫಸ್ಟ್ ಕ್ಲಾಸು, ಪುಳಿಯೋಗರೆಯಲ್ಲಿ ಫೇಲು. ಅಲ್ಲಿಂದ ಮುಂದಕ್ಕೆ ಗೆರೆ ಏರಲೇ ಇಲ್ಲ.

ಹದಿನೆಂಟನೆಯ ದಿನ ಗಾಳಿ ಬೀಸಿ ಒಂದು ಪಾತ್ರೆಯ ಚೀಟಿ ಹಾರಿ ಒಲೆಗೆ ಬಿತ್ತು. ಇದರ ಲೆಕ್ಕ ಸಿಗುವುದಿಲ್ಲ, ಚೆಲ್ಲಿಬಿಡೋಣ ಎಂದಳು ವಾರಿಜ. ಪಾತ್ರೆ ತೊಳೆಯುತ್ತಿದ್ದ ಜಯವಲ್ಲಮ್ಮ ತಲೆಯೆತ್ತದೆ, ಅದು ಮೂರು ಗ್ರಾಮು ಹೆಚ್ಚಾಗಿರೋದು ಎಂದರು. ಚೀಟಿ ನೆನಪಿದೆಯೇ? ಇಲ್ಲ, ಮೂವತ್ತು ಚೀಟಿ ಯಾರಿಗೆ ನೆನಪಿರುತ್ತೆ, ವಾಸನೆ ಹಾಗಿದೆ ಎಂದರು. ವಾರಿಜ ಉಪ್ಪಿನ ಮೀಟರು ಅದ್ದಿ ನೋಡಿದಳು. ಮೂರು ಗ್ರಾಮು ಹೆಚ್ಚು.

ಅವಳ ಕುತೂಹಲ ತಡೆಯಲಿಲ್ಲ. ಇಮ್ತಿಯಾಜ್‌ಗೆ ಯಾರಿಗೂ ಕಾಣದಂತೆ ಹನ್ನೆರಡು ಪಾತ್ರೆಗೆ ಉಪ್ಪು ಹಾಕಲು ಹೇಳಿದಳು. ಜಯವಲ್ಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಒಂದೊಂದರ ಮುಂದೆ ಒಂದು ಗಳಿಗೆ ನಿಂತು ಹೇಳುತ್ತ ಹೋದರು. ಹನ್ನೊಂದು ಸರಿ, ಒಂದು ತಪ್ಪು.

ವಾರಿಜಾಳಿಗೆ ನಿಜಸಂಗತಿ ಹೊಳೆಯಿತು. ಐನೂರಕ್ಕೂ ಹೆಚ್ಚು ಪಾತ್ರೆಗಳ ಉಪ್ಪನ್ನು ಮೊದಲೇ ತಿಳಿದು, ಆಮೇಲೆ ಅದರ ವಾಸನೆ ತೆಗೆದುಕೊಂಡವರು ಜಯವಲ್ಲಮ್ಮ. ಪ್ರಶ್ನೆಯ ಪಕ್ಕದಲ್ಲೇ ಉತ್ತರ. ಇನ್ನು ರುಚಿಯೋ, ಮೂವತ್ತಾರು ವರ್ಷ ಗಂಡ ತಂದ ಪ್ರಸಾದ ತಿಂದ ನಾಲಿಗೆ ಅದು. ಅವರ ತಲೆಯಲ್ಲಿ ಯಾರೂ ಕತ್ತರಿ ಆಡಿಸಿರಲಿಲ್ಲ. ಅವಳು ಒಬ್ಬರಿಗೆ ಪಾಠ ಹೂಡಿ ಇನ್ನೊಬ್ಬರನ್ನು ಪಾಸು ಮಾಡಿಸಿದ್ದಳು.

ಆಚಾರ್ಯರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರಿಗೆ ಹೊಟ್ಟೆ ಉರಿಯಿತೆಂದರೆ ಸುಳ್ಳಲ್ಲ. ಅಪ್ಪ, ತಾತ ಕೊಟ್ಟದ್ದು ತನ್ನಿಂದ ಜಾರಿ, ಮಡಪಳ್ಳಿಯ ಹೊಸ್ತಿಲನ್ನೇ ದಾಟಕೂಡದವಳ ಮೂಗಿಗೆ ಹೋಗಿ ಕೂತಿತ್ತು. ಗುಡಿಯ ಅಡುಗೆಮನೆಗೆ ಅವರು ಹೇಳುತ್ತಿದ್ದ ಹೆಸರು ಮಡಪಳ್ಳಿ. ಅಲ್ಲಿಗೆ ಹೆಂಗಸರಿಗೆ ಪ್ರವೇಶವಿಲ್ಲ. ಜಯವಲ್ಲಮ್ಮ ಹಿಂದೆ ಹೋಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಉಳಿದ ಪಾತ್ರೆಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದರು. ಮರುದಿನ ಆಚಾರ್ಯರು ಹಿತ್ತಲಿಗೆ ಬರಲೇ ಇಲ್ಲ.

ಕನು ಹಬ್ಬದ ಬೆಳಿಗ್ಗೆ ವಾರಿಜ ಗುಡಿಗೆ ಹೋದಾಗ ಪ್ರಾಕಾರದ ತುಂಬ ಜನ. ಮಡಪಳ್ಳಿಯ ಹಿಂಬಾಗಿಲ ಅಂಗಳದಲ್ಲಿ ಹೆಂಗಸರು ತುಳಸಿ ಕಟ್ಟುತ್ತಿದ್ದರು, ಅವರ ನಡುವೆ ಜಯವಲ್ಲಮ್ಮ. ತೆರೆದ ಬಾಗಿಲಿನಿಂದ ಒಳಗಿನದೆಲ್ಲ ಕಾಣುತ್ತಿತ್ತು. ಕೊಪ್ಪರಿಗೆಯಲ್ಲಿ ಗೊಜ್ಜು ಕೊತಕೊತ ಕುದಿಯುತ್ತಿತ್ತು. ಅದರಿಂದ ಎರಡು ಮಾರು ಆಚೆ ಆಚಾರ್ಯರು ಮುಖ ತಿರುಗಿಸಿ ನಿಂತಿದ್ದರು. ಒಮ್ಮೆ ಉಪ್ಪಿನ ಮರಿಗೆಗೆ ಕೈಹಾಕಿ ಹಿಂದೆಗೆದರು. ಮತ್ತೆ ನಿಂತರು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಹತ್ತಕ್ಕೆ ಆರು, ಹತ್ತಕ್ಕೆ ಆರು ಎಂದು ವಾರಿಜಾಳ ಎದೆ ಹೊಡೆದುಕೊಂಡಿತು. ಹೀಗೆಯೇ ಹಾಕಿಬಿಟ್ಟರೆ ತಪ್ಪಿದರೂ ತಪ್ಪೀತು. ಹೆಂಡತಿಯನ್ನು ಕರೆದರೆ ಇಷ್ಟು ಜನದೆದುರು ಮಾನ ಹೋಯಿತು.

ಆಚಾರ್ಯರು ನಿಧಾನವಾಗಿ ಹಿಂಬಾಗಿಲಿಗೆ ನಡೆದು ಬಂದರು.

“ಇವಳೇ, ಸ್ವಲ್ಪ ಇಲ್ಲಿ ಬಾ.”

ತುಳಸಿ ಕಟ್ಟುತ್ತಿದ್ದ ಕೈಗಳೆಲ್ಲ ನಿಂತವು. ಜಯವಲ್ಲಮ್ಮ ಎದ್ದು ಬಂದು ಹೊಸ್ತಿಲ ಈಚೆಗೇ ನಿಂತರು. ಗಂಡನ ಹಾಗೆಯೇ ಮುಖ ತಿರುಗಿಸಿಕೊಂಡು ಕಣ್ಣು ಮುಚ್ಚಿದರು. ಎಷ್ಟು ಹೊತ್ತಾದರೂ ತೆರೆಯಲಿಲ್ಲ. ಆಮೇಲೆ ತಮ್ಮಿಬ್ಬರಿಗಷ್ಟೇ ಎಂಬ ಹಾಗೆ, ಒಂದು ಹಿಡಿ, ತುಂಬಿದ ಹಿಡಿ ಬೇಡ ಎಂದರು. ಆಚಾರ್ಯರು ಹೋಗಿ ಹಾಕಿದರು. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರು. ಜಯವಲ್ಲಮ್ಮ ತಲೆಯಾಡಿಸಿದರು.

ನೈವೇದ್ಯವಾಯಿತು. ಮೊದಲ ಪಂಕ್ತಿಯಲ್ಲಿ ಕೂತ ಧರ್ಮದರ್ಶಿಗಳು ಒಂದು ತುತ್ತು ಬಾಯಿಗಿಟ್ಟು, ಎರಡನೆಯದನ್ನಿಟ್ಟು, ಮುಖ ಅರಳಿಸಿ ತಲೆಯೆತ್ತಿದರು. ಆಚಾರ್ರೇ, ನಿಮ್ಮ ಕೈ ನಿಮಗೆ ವಾಪಸು ಬಂತು, ಇನ್ನು ಯಾರನ್ನೂ ಹುಡುಕುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅಲ್ಲಿಗೆ ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ಬಡಿಸುತ್ತಿದ್ದ ಆಚಾರ್ಯರು ಬಕೆಟ್ಟನ್ನು ಕೆಳಗಿಟ್ಟು ನೆಟ್ಟಗೆ ನಿಂತರು.

“ಕೈ ನಂದೇ ಸ್ವಾಮಿ. ಮೂಗು ಇವಳದು.”

ಧರ್ಮದರ್ಶಿಗಳ ತುತ್ತು ಕೈಯಲ್ಲೇ ನಿಂತಿತು. ಅವರು ಆಚಾರ್ಯರನ್ನು ನೋಡಿದರು, ಕಂಬದ ಮರೆಯಲ್ಲಿ ಅರ್ಧ ಕಾಣುತ್ತಿದ್ದ ಜಯವಲ್ಲಮ್ಮನನ್ನು ನೋಡಿದರು, ತಮ್ಮ ಎಲೆಯನ್ನು ನೋಡಿಕೊಂಡರು. ಆಮೇಲೆ ತುತ್ತನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದು ನುಂಗಿದರು.

“ಹಾಗಾದ್ರೆ ನಾಳೆಯಿಂದ ಹಿಂಬಾಗಿಲ ಹತ್ರ ಆಯಮ್ಮನಿಗೊಂದು ಮಣೆ ಹಾಕಿಸಿ,” ಎಂದರು. “ಪಾಪ, ದಿನಾ ಎಷ್ಟು ಹೊತ್ತು ಅಂತ ನಿಂತಿರ್ತಾರೆ?”